ಹಳದಿ ರೆಕ್ಕೆಯ ಒಳಪಟ್ಟಿ

ಅಕ್ಕನ ಎರಡೂ ಅಂಗೈಗಳಲ್ಲಿ, ಕಿರುಬೆರಳ ಬುಡದಿಂದ ಹೆಬ್ಬೆರಳ ಬುಡದವರೆಗೆ ಓರೆಯಾಗಿ ಒಂದೊಂದು ಗೆರೆ ಇದೆ. ಹುಟ್ಟಿನಿಂದ ಬಂದ ಗೆರೆಯಲ್ಲ, ಸುಟ್ಟು ಒಣಗಿ ಹೊಳಪು ಹಿಡಿದದ್ದು. ಅಳತೆ ಕೊಡಲು ಬಂದವರು ಟೇಪು ಹಿಡಿದ ಅವಳ ಕೈ ನೋಡಿ ಕೇಳುವುದುಂಟು.

"ಇದೇನಕ್ಕಾ ಕೈಯಲ್ಲಿ?"

"ಇಸ್ತ್ರಿಪೆಟ್ಟಿಗೆ."

"ಎರಡೂ ಕೈಗೂ?"

"ಇಸ್ತ್ರಿಪೆಟ್ಟಿಗೆಗೆ ಎಡ ಬಲ ಅಂತ ಭೇದ ಇಲ್ಲಮ್ಮ. ಕೈ ಎತ್ತು, ಸೊಂಟ ನೋಡ್ತೀನಿ."

ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಕಿಟಕಿಯ ಬೆಳಕು ಸೂಜಿಯ ಮೇಲೆ ಬೀಳುವಂತೆ ಯಂತ್ರ, ಅದರ ಪಕ್ಕ ತುಂಡು ಬಟ್ಟೆಗಳ ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಯ ತಳವನ್ನು ಅವಳು ಯಾರಿಗೂ ಮುಟ್ಟಗೊಡುವುದಿಲ್ಲ.

ತಮ್ಮ ಬಣ್ಣ ಬಳಿಯುವವನು. ಗೋಡೆ ಬಾಗಿಲು ಅವನಿಗೆ ಲೆಕ್ಕಕ್ಕಿಲ್ಲ. ಗಿರಣಿಯ ಚಿಮಣಿ, ನೀರಿನ ಟ್ಯಾಂಕು, ದೀಪದ ಕಂಬ, ಹೀಗೆ ಮಿಕ್ಕವರು ತಲೆಯೆತ್ತಿ ನೋಡಿದರೇ ತಲೆ ಸುತ್ತುವಂಥದ್ದೇ ಬೇಕು. ಜೊತೆಯವರು ಅವನನ್ನು ಹದ್ದು ಎಂದು ಕರೆಯುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಅವನು ಸೊಂಟಕ್ಕೆ ಬೆಲ್ಟು ಕಟ್ಟಿದವನಲ್ಲ. "ಬೆಲ್ಟು ಬೀಳೋರಿಗೆ, ಮೇಸ್ತ್ರಿ" ಎನ್ನುವುದು ಅವನ ಮಾತು.

ಹಿಂದಿನ ತಿಂಗಳು ಬೇರೆ ಗುಂಪಿನ ಪೇಂಟರ್ ಒಬ್ಬ ಬಿದ್ದ. ಆಮೇಲೆ ಮೇಸ್ತ್ರಿ ಎಲ್ಲರಿಗೂ ಒಂದೊಂದು ಬೆಲ್ಟು ಹಂಚಿದ. ಅಂಗೈಯಗಲದ ಪಟ್ಟಿ, ಅದಕ್ಕೆ ಮೊಳದುದ್ದದ ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಕೊಕ್ಕೆ. ಏಣಿಯ ಒಂದೊಂದು ಕಂಬಿ ಹತ್ತಿದಾಗಲೂ ಕೊಕ್ಕೆಯನ್ನು ಬಿಚ್ಚಿ ಮೇಲಿನ ಕಂಬಿಗೆ ಸಿಕ್ಕಿಸಬೇಕು. ತಮ್ಮ ಅದನ್ನು ತಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ, ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ. ಫ್ಯಾನು ಹಾಕಿದಾಗಲೆಲ್ಲ ಬಾಗಿಲ ಹಿಂದೆ ಯಾರೋ ಕಾಯುತ್ತ ನಿಂತಂತೆ ಆ ಚೀಲ ಸರಸರ ಎನ್ನುತ್ತಿತ್ತು.

ಸೋಮವಾರ ಗಿರಣಿಯ ನೀರಿನ ಟ್ಯಾಂಕಿನ ಕೆಲಸ. ಏಣಿಗೆ ಅರವತ್ತನಾಲ್ಕು ಕಂಬಿ.

"ಅತ್ತಿಗೆ, ನೀವಾದ್ರೂ ಹೇಳಿ" ಎಂದಳು ತಮ್ಮನ ಹೆಂಡತಿ. "ನಾನು ಹೇಳಿದ್ರೆ, ನಾನು ಏಳು ವರ್ಷಕ್ಕೇ ಹಾರಿದವನು ಕಣೇ ಅಂತ ನಗ್ತಾರೆ."

ಅಕ್ಕ ಬಾಯಲ್ಲಿದ್ದ ದಾರವನ್ನು ಹಲ್ಲಿನಿಂದ ತುಂಡರಿಸಿದಳು.

ಭಾನುವಾರ ಮಧ್ಯಾಹ್ನ ತಮ್ಮ ಎರಡೂ ಕೈಯಲ್ಲಿ ಹಳೇ ವಿಡಿಯೋ ಪ್ಲೇಯರ್ ಹೊತ್ತುಕೊಂಡು ಬಂದ. ಗುಜರಿಯಲ್ಲಿ ಸಿಕ್ಕಿದ್ದನ್ನು ರೇಡಿಯೋ ರಿಪೇರಿಯವನ ಹತ್ತಿರ ಸರಿಮಾಡಿಸಿದ್ದ. ಕಂಕುಳಲ್ಲಿ ಅದೇ ಗುಜರಿಯಲ್ಲಿ ಸಿಕ್ಕ ಒಂದು ಕ್ಯಾಸೆಟ್ಟು.

"ಅಕ್ಕಾ, ಯಾರು ಬಂದಿದಾರೆ ನೋಡು. ಹಾರಣ್ಣ!"

ಹಾರಣ್ಣ ಎಂಬುದು ಮಕ್ಕಳಾಗಿದ್ದಾಗ ಅವರಿಬ್ಬರೇ ಇಟ್ಟ ಹೆಸರು. ಹಸಿರು ಉಡುಪು, ಬೆನ್ನಿಗೆ ಹಳದಿ ಬಟ್ಟೆ ತೊಟ್ಟು ಕಟ್ಟಡದಿಂದ ಕಟ್ಟಡಕ್ಕೆ ಹಾರುವ ವೀರ. ಪಕ್ಕದ ಮನೆಯವರ ಹತ್ತಿರ ಆ ಸಿನಿಮಾದ ಕ್ಯಾಸೆಟ್ಟು ಇತ್ತು. ಹಾರುವ ಜಾಗವನ್ನೇ ತಿರುಗಿಸಿ ತಿರುಗಿಸಿ ಹಾಕಿಸಿಕೊಂಡದ್ದಕ್ಕೆ ಅಲ್ಲಿ ಚಿತ್ರವೇ ಸವೆದುಹೋಗಿತ್ತು. ಮಿಕ್ಕ ಕಥೆ ತಮ್ಮನಿಗೆ ಬೇಕಿರಲಿಲ್ಲ.

ಮೂವರೂ ಚಾಪೆಯ ಮೇಲೆ ಕುಳಿತರು. ಹಿಸ್ಸ್ ಎನ್ನುತ್ತ ಟೇಪು ಓಡಿತು. ಹೀರೋ ಚಾವಣಿಯ ಅಂಚಿಗೆ ಬಂದ, ಕೈ ಚಾಚಿದ, ಹಾರಿದ. ತಮ್ಮ ಏಳು ವರ್ಷದವನ ಹಾಗೆ ಚಪ್ಪಾಳೆ ಹೊಡೆದ.

ಅಕ್ಕ ಚಪ್ಪಾಳೆ ಹೊಡೆಯಲಿಲ್ಲ. ಆಗ ನೋಡಿದ್ದು ಹನ್ನೊಂದು ವರ್ಷದ ಹುಡುಗಿಯ ಕಣ್ಣು. ಈಗ ನೋಡುತ್ತಿದ್ದುದು ಹೊಲಿಗೆಯವಳ ಕಣ್ಣು. ಬಟ್ಟೆಗೆ ಸುಳ್ಳು ಹೇಳಲು ಬರುವುದಿಲ್ಲ, ಭಾರ ಎಲ್ಲಿದೆಯೋ ಅಲ್ಲಿಗೆ ಸುಕ್ಕು ಓಡುತ್ತದೆ. ಆ ಹಸಿರು ಉಡುಪಿನ ಸುಕ್ಕೆಲ್ಲ ಸೊಂಟದ ಎರಡು ಪಕ್ಕಕ್ಕೆ ಓಡಿ, ಅಲ್ಲಿಂದ ಮೇಲಕ್ಕೆ ಎಳೆದುಕೊಂಡಿತ್ತು.

"ನಿಲ್ಸು" ಎಂದಳು. "ಹಿಂದಕ್ಕೆ ಹಾಕು."

ನಿಂತ ಚಿತ್ರ ಚಳಿ ಹಿಡಿದಂತೆ ನಡುಗುತ್ತಿತ್ತು. ಅವಳು ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಬೆರಳಿಟ್ಟಳು.

"ಇಲ್ಲಿ ನೋಡು. ಇಲ್ಲೂ. ಒಳಗೆ ಪಟ್ಟಿ ಕಟ್ಟಿದಾರೆ. ತಂತಿ ಬರೋಕೆ ಹೊಲಿಗೇಲಿ ಬಾಯಿ ಬಿಟ್ಟಿದಾರೆ. ಇವನನ್ನ ಯಾರೋ ಮೇಲಿಂದ ಹಿಡ್ಕೊಂಡಿದಾರೆ ಕಣೋ."

ತಮ್ಮ ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ಅಕ್ಕಾ! ಅವನು ಸಿನಿಮಾದವನು, ಕಟ್ಕೊಂಡ. ನಾನು ಕಟ್ಕೊಂಡಿದ್ನಾ? ಸೌದೆಮನೆ ಮೇಲಿಂದ ಹಾರಿ ಹೂವಿನ ಹಾಗೆ ಇಳಿದೆ. ನೀನೇ ನೋಡಿದೀಯಲ್ಲ!"

ತಮ್ಮನ ಹೆಂಡತಿ ಅತ್ತಿಗೆಯ ಮುಖ ನೋಡಿದಳು. ಬಾಗಿಲ ಹಿಂದೆ ಚೀಲ ಸರಸರ ಎಂದಿತು.

ಆ ದಿನದ ನಿಜ ಹೇಳಿದರೆ ಬೆಲ್ಟು ಕಟ್ಟುತ್ತಾನೆ. ಆದರೆ ಅವನ ಕಾಲಿಗೆ ಇಷ್ಟು ವರ್ಷ ಗಟ್ಟಿತನ ಕೊಟ್ಟದ್ದು ಆ ಒಂದು ಹಾರಾಟ, ಅದೇ ಕಳಚಿಬಿದ್ದರೆ ಆ ಕಾಲು ಎತ್ತರದಲ್ಲಿ ನಿಂತೀತೇ? ಈ ಮಾತನ್ನು ಅವಳು ಹತ್ತಾರು ಸಲ ತೂಗಿ ನೋಡಿ ಪೆಟ್ಟಿಗೆಯ ತಳಕ್ಕೇ ಹಾಕಿದ್ದಳು. ಆದರೆ ಹಿಂದಿನ ತಿಂಗಳು ಬಿದ್ದವನ ಅಂಗಿಯನ್ನು ಹಿಂದಿನ ವರ್ಷ ಹೊಲಿದವಳೂ ಅವಳೇ. ಅಳತೆ ಇನ್ನೂ ಪುಸ್ತಕದಲ್ಲಿದೆ.

ಅವಳು ಎದ್ದು ಪೆಟ್ಟಿಗೆಯ ತಳದಿಂದ ಒಂದು ಗಂಟು ತಂದಳು. ಒಳಗೆ ಪರದೆ ಬಟ್ಟೆಯ ಚಿಕ್ಕ ಅಂಗಿ, ಅದರ ಬೆನ್ನಿಗೆ ಹೊಲಿದ ಹಳದಿ ರೆಕ್ಕೆ.

"ನನ್ನ ರೆಕ್ಕೆ! ಇದನ್ನ ಇಲಿ ತಿಂತು ಅಂದಿದ್ದೆ!"

"ಅಂದಿದ್ದೆ" ಎಂದು ಅಕ್ಕ ಬ್ಲೇಡಿನಿಂದ ಅಂಗಿಯ ಒಳಬಟ್ಟೆಯ ಹೊಲಿಗೆ ಬಿಚ್ಚತೊಡಗಿದಳು. ಒಂದೊಂದೇ ಹೊಲಿಗೆ, ಬಟ್ಟೆ ಹರಿಯದ ಹಾಗೆ. ಎದೆಯ ಸುತ್ತ ಹೋದ ಕ್ಯಾನ್ವಾಸ್ ಪಟ್ಟಿಯೊಂದು ಹೊರಗೆ ಬಂತು. ಹರಿದ ಶಾಲೆಚೀಲದ ಪಟ್ಟಿ. ಬೆನ್ನಿನ ನಡುವೆ, ರೆಕ್ಕೆಯ ಅಡಿಯಲ್ಲಿ, ನಾಲ್ಕು ಸಾಲು ಹೊಲಿಗೆ ಹಾಕಿದ ಒಂದು ಕುಣಿಕೆ.

"ಹೊಲಿದು ಕೊಡದಿದ್ರೆ ಟವೆಲ್ ಕಟ್ಕೊಂಡು ಹಾರ್ತೀನಿ ಅಂತ ಹಟ ಹಿಡಿದಿದ್ದೆ. ಅಮ್ಮ ಮನೇಲಿರಲಿಲ್ಲ. ಚಾವಣಿ ಮೇಲೆ ನಿನ್ನ ರೆಕ್ಕೆ ಸರಿ ಮಾಡೋ ನೆಪದಲ್ಲಿ ಬಟ್ಟೆ ಒಣಗಿಸೋ ಹಗ್ಗ ಇದಕ್ಕೆ ಸಿಕ್ಕಿಸ್ದೆ. ಅಲ್ಲಿದ್ದ ಕಬ್ಬಿಣದ ಕೊಳವೆಗೆ ಒಂದು ಸುತ್ತು ಹಾಕಿ ನಿಧಾನಕ್ಕೆ ಬಿಟ್ಟೆ, ಹಗ್ಗ ಅಂಗೈ ಸುಡ್ತಾ ಜಾರ್ತು. ಇಳಿದ ಮೇಲೆ ನೀನು ಬಾಲದ ಹಾಗೆ ಹಗ್ಗ ಎಳ್ಕೊಂಡು ಅಂಗಳ ಪೂರ್ತಿ ಓಡಿದೆ. ಹಿಂದೆ ಒಂದು ಸಲಾನೂ ತಿರುಗಿ ನೋಡ್ಲಿಲ್ಲ. ನಾನು ಓಡಿಬಂದು ತಬ್ಕೊಂಡು ಬಿಚ್ಚಿದೆ."

ಅವಳು ಎರಡೂ ಅಂಗೈ ತೆರೆದು ಅವನ ಮುಂದೆ ಹಿಡಿದಳು.

"ಇಸ್ತ್ರಿಪೆಟ್ಟಿಗೆ…" ಎಂದ ತಮ್ಮ, ಮೆಲ್ಲಗೆ.

"ಅಲ್ಲ."

ಅವನು ಕುಣಿಕೆಯೊಳಗೆ ಬೆರಳು ತೂರಿಸಿ ಎಳೆದು ನೋಡಿದ. ಹೊಲಿಗೆ ಕದಲಲಿಲ್ಲ. ಟಿವಿಯಲ್ಲಿ ಹಾರಣ್ಣ ಅರ್ಧ ಗಾಳಿಯಲ್ಲೇ ನಡುಗುತ್ತ ನೇತಾಡುತ್ತಿದ್ದ.

"ಆಮೇಲೆ?" ಎಂದ. "ಆಮೇಲೆ ಎಲ್ಲೆಲ್ಲಿ ಹಿಡ್ಕೊಂಡಿದ್ದೆ ನನ್ನ?"

"ಅದೊಂದೇ ಸಲ ಕಣೋ."

"ಹಾಗಾದ್ರೆ ಚಿಮಣಿ ಮೇಲೆ? ಆ ದೊಡ್ಡ ಗೋಪುರದ ಮೇಲೆ? ಅಲ್ಲೆಲ್ಲ ಯಾರೂ ಹಿಡ್ಕೊಂಡಿರಲಿಲ್ವಾ?"

ಅವನು ಎದ್ದು ಪ್ಲೇಯರ್ ಆರಿಸಿದ.

ಸೋಮವಾರ ಬೆಳಿಗ್ಗೆ ಯಾರೂ ಹೇಳದೆ ಚೀಲ ಹರಿದು ಬೆಲ್ಟು ತೆಗೆದ. ಹೆಂಡತಿಯ ಮುಖ ಅರಳಿತು. ಅಕ್ಕ ಮಾತ್ರ ಅವನ ಕೈಯಲ್ಲಿನ ಟೀ ಲೋಟ ನೋಡುತ್ತಿದ್ದಳು. ಟೀ ಆರಿ ಕೆನೆಗಟ್ಟಿತ್ತು, ಅವನು ಒಂದು ಗುಟುಕೂ ಕುಡಿದಿರಲಿಲ್ಲ.

"ಬುತ್ತಿ ನಾನೇ ತರ್ತೀನಿ" ಎಂದು ಅವನ ಹಿಂದೆಯೇ ಹೊರಟಳು.

ಗಿರಣಿಯ ಹಿತ್ತಲಲ್ಲಿ ನಾಲ್ಕು ಕಬ್ಬಿಣದ ಕಾಲಿನ ಮೇಲೆ ಟ್ಯಾಂಕು ನಿಂತಿತ್ತು. ತಮ್ಮ ಸೊಂಟಕ್ಕೆ ಬೆಲ್ಟು ಬಿಗಿದದ್ದು ನೋಡಿ ಮೇಸ್ತ್ರಿ ಹುಬ್ಬೇರಿಸಿದ.

"ಏನೋ ಹದ್ದೇ, ರೆಕ್ಕೆ ಉದುರಿತಾ?"

ಯಾವಾಗಲೂ ಒಂದಕ್ಕೆ ಎರಡು ತಿರುಗಿಸಿ ಕೊಡುವವನು ಕೊಕ್ಕೆಯನ್ನು ಇನ್ನೊಮ್ಮೆ ಎಳೆದು ನೋಡಿ ಏಣಿ ಹಿಡಿದ. ಅಕ್ಕ ಬುತ್ತಿಯನ್ನು ನೆಲಕ್ಕಿಟ್ಟು ಎಣಿಸತೊಡಗಿದಳು. ಒಂದು ಕಂಬಿ, ಕೊಕ್ಕೆ ಠಣ್. ಎರಡು, ಠಣ್. ಮೂರು, ಠಣ್. ಸಾಲು ತಪ್ಪದ ಹೊಲಿಗೆಯಂತೆ ಸದ್ದು ಬರುತ್ತಿತ್ತು. ಹದಿನೆಂಟನೆಯ ಕಂಬಿಯಲ್ಲಿ ಅವನು ನಿಂತ. ಕುತ್ತಿಗೆ ಬಗ್ಗಿಸಿ ಕೆಳಗೆ ನೋಡಿದ.

ಇಪ್ಪತ್ತಾರು ವರ್ಷದಲ್ಲಿ ಅವನು ಕೆಳಗೆ ನೋಡಿದ್ದನ್ನು ಮೇಸ್ತ್ರಿ ಕಂಡಿರಲಿಲ್ಲ. "ಯಾಕೋ? ಹತ್ತೋದಾದ್ರೆ ಹತ್ತು, ಇಳಿಯೋದಾದ್ರೆ ಇಳಿ!"

ತಮ್ಮ ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಎರಡು ತೋಳಿನಿಂದಲೂ ಏಣಿಯನ್ನು ತಬ್ಬಿಕೊಂಡ. ಕಾಲು ನಡುಗಿದ್ದಕ್ಕೆ ಏಣಿಯ ತುಕ್ಕು ಪುಡಿಪುಡಿಯಾಗಿ ಉದುರಿ ಅಕ್ಕನ ಮುಖದ ಮೇಲೆ ಬಿತ್ತು.

"ಅಕ್ಕಾ…" ಅದು ನಲವತ್ತಾರರ ಗಂಡಸಿನ ದನಿಯಾಗಿರಲಿಲ್ಲ. "ಹಿಡ್ಕೊಂಡಿದೀಯಾ?"

ಮೇಸ್ತ್ರಿ ಅವಳತ್ತ ತಿರುಗಿದ. "ಏನನ್ನ ಹಿಡ್ಕೊಳ್ಳೋದಮ್ಮ? ಕೆಳಗೆ ಹಗ್ಗಾನೇ ಇಲ್ವಲ್ಲ!"

ಇಲ್ಲ ಎಂದರೆ ಆ ತೋಳು ಈಗಲೇ ಸಡಿಲವಾಗುತ್ತದೆ. ಅಕ್ಕ ಎರಡು ಬರಿಗೈಗಳನ್ನೂ ಎದೆಯ ಮುಂದೆ ಹಿಡಿದು, ಬಿಗಿಯಾಗಿ ಮುಚ್ಚಿದಳು.

"ಹಿಡ್ಕೊಂಡಿದೀನಿ ಕಣೋ! ನಿಧಾನಕ್ಕೆ ಇಳಿ!"

ಮೊದಲ ಮಾತು ಅವನಿಗೆ ಕೇಳಿಸಿತು. ಎರಡನೆಯದು ಕೇಳಿಸಿತೋ ಇಲ್ಲವೋ. ಅವನ ಮುಖ ಸಡಿಲಗೊಂಡು ನಗು ಬಂದದ್ದು ಅಷ್ಟು ದೂರದಿಂದಲೂ ಕಂಡಿತು. ಸೌದೆಮನೆಯ ಚಾವಣಿಯ ಅಂಚಿನಲ್ಲಿ ನಿಂತು ನಕ್ಕ ಅದೇ ನಗು. ಕಾಲಿನ ನಡುಕ ನಿಂತಿತು. ಅವನು ಒಂದು ಕೈಯಲ್ಲಿ ಕೊಕ್ಕೆ ಬಿಚ್ಚಿ ಮೇಲಕ್ಕೆ ತಿರುಗಿದ.

"ಇಳಿಯೋ!" ಎಂದು ಕೂಗಿದಳು. ಅಷ್ಟರಲ್ಲಿ ಗಿರಣಿಯ ಯಂತ್ರ ಶುರುವಾಗಿ ಅವಳ ದನಿಯನ್ನು ನುಂಗಿತು.

ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು. ಅವನ ಸೊಂಟದಿಂದ ಜೋತುಬಿದ್ದ ಕೊಕ್ಕೆ ಬಿಸಿಲಲ್ಲಿ ಮಿರಮಿರ ಮಿಂಚಿ ತೂಗಾಡುತ್ತ ಅವನ ಜೊತೆಯೇ ಮೇಲೇರುತ್ತಿತ್ತು. ಅವನು ಹಿಂದೆ ತಿರುಗಿ ನೋಡಲಿಲ್ಲ. ಅಕ್ಕ ಎಣಿಸುತ್ತಲೇ ಇದ್ದಳು, ಮುಷ್ಟಿ ಬಿಚ್ಚಲಿಲ್ಲ. ಹಳೆಯ ಗೆರೆಗಳು ಆಗ ತಾನೇ ಸುಟ್ಟಂತೆ ಉರಿಯತೊಡಗಿದವು.