ನಿನ್ನ ಮುಖ, ನಾನು ಬರೆದ ಮೈ

ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ, ಗಿರಿಜಾ. ಆ ವಿಡಿಯೋ ಗೇಮಿನ ಹೆಣ್ಣಿನ ಮೈಮೇಲಿನ ಬಟ್ಟೆ ತೆಗೆದದ್ದು ನಾನೇ. ಮೇಲಿನವರು ಮಾಡಿಸಿದರು ಎಂದು ನಿನಗೆ ಹೇಳಿದ್ದೆನಲ್ಲ — ಅದು ಹಸಿ ಸುಳ್ಳು.

ನೀನು ವೀರಗಾಸೆ ಕುಣಿಯುವುದನ್ನು ಆ ಗೇಮಿಗೆ ಚಿತ್ರ ಬರೆಯಲೆಂದೇ ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. ವೇಷ ಮಾತ್ರ ಕೆಡಿಸಬೇಡ ಎಂದು ಹೇಳಿ ನೀನು ಒಪ್ಪಿದ್ದೆ. ಕಾವಿ ಕಚ್ಚೆ, ಕೊರಳಿಗೆ ರುದ್ರಾಕ್ಷಿ, ಹಣೆತುಂಬ ವಿಭೂತಿ, ಕೈಯಲ್ಲಿ ಕತ್ತಿ — ಮೊದಲ ಚಿತ್ರ ಹಾಗೆಯೇ ಬಂತು. ಆದರೆ ಜೆ.ಪಿ. ನಗರದ ಆ ಗೇಮ್ ಆಫೀಸಿನಲ್ಲಿ ನಾನು ಕಲಿತಿದ್ದ ಜಾಣತನವೇ ಬೇರೆ: ಬೈಸಿಕೊಳ್ಳುವ ಮೊದಲೇ ತಿದ್ದಿಬಿಡುವುದು. ಹೆಣ್ಣಿನ ಚಿತ್ರ ‘ಇನ್ನೂ ಸ್ವಲ್ಪ ಮೈ ಕಾಣಲಿ’ ಎಂದು ವಾಪಸ್ ಬಂದೇ ಬರುತ್ತಿತ್ತು. ಈ ಸಲ ಬರುವುದೇ ಬೇಡವೆಂದು ಚಿತ್ರದವಳ ಎದೆ ಉಬ್ಬಿಸಿದೆ, ಸೊಂಟ ಸಣ್ಣ ಮಾಡಿದೆ, ಕಚ್ಚೆಯನ್ನು ಹರಿದು ಚಿಂದಿ ಮಾಡಿದೆ. ಮುಖ ನಿನ್ನದೇ ಬಿಟ್ಟೆ — ಚೆನ್ನಾಗಿ ಬಂದಿತ್ತಲ್ಲ. ಗೇಮಿನಲ್ಲಿ ಅವಳ ಜೊತೆ ಅದೇ ಯುದ್ಧಕ್ಕೆ ಹೋಗುವ ಗಂಡಸಿಗೆ ಕತ್ತಿನಿಂದ ಕಾಲಿನವರೆಗೆ ಕಬ್ಬಿಣದ ಕವಚ. ಅದನ್ನೂ ತೊಡಿಸಿದ್ದು ಇದೇ ಕೈ. ಬಾಣವೇನು ಗಂಡಸರಿಗೆ ಮಾತ್ರ ನಾಟುತ್ತದೆಯೇ? ಹೆಣ್ಣಾಗಿ ಹುಟ್ಟಿದ ನನಗೇ ಆ ಪ್ರಶ್ನೆ ಹುಟ್ಟಲಿಲ್ಲ. ಮೇಲಿನವರು ಶಭಾಷ್ ಎಂದರು, ನಾನು ಹಲ್ಲು ಕಿರಿದೆ.

ಆ ಗೇಮು ಚಿಕ್ಕಲಸಂದ್ರದ ನಿಮ್ಮ ಬೀದಿಗೂ ಬಂತು. ಬಸ್ ಸ್ಟಾಪಿನಲ್ಲಿ ಹುಡುಗರು ಮೊಬೈಲನ್ನು ನಿನ್ನ ಮುಖದ ಪಕ್ಕ ಹಿಡಿದು ನಕ್ಕರು. ತಾವೇ ತಂಡ ಕಟ್ಟಿ ಹೆಣ್ಣುಮಕ್ಕಳಿಗೆ ಕುಣಿತ ಕಲಿಸಿದ ನಿಮ್ಮಪ್ಪ, ನೀನೇ ಹಾಗೆ ನಿಂತು ಫೋಟೊ ತೆಗೆಸಿಕೊಂಡೆ ಎಂದು ನಂಬಿದರು. ನಿನ್ನ ಜೊತೆ ಮಾತು ಬಿಟ್ಟರು. ಆಗ ನೀನು ನನ್ನನ್ನು ಕೇಳಿದ್ದು ಇಷ್ಟೇ:

“ಅಪ್ಪಂಗೆ ನೀನೇ ಒಂದ್ ಮಾತು ಹೇಳ್ತೀಯಾ?”

“ನೋಡೋಣ ಕಣೇ,” ಎಂದೆ. ಹೋಗಲಿಲ್ಲ. ಹೋದರೆ ನಾನು ಮಾಡಿದ್ದು ಹೊರಬೀಳುತ್ತಿತ್ತು — ಅಷ್ಟೇ ಕಾರಣ. ನೀನು ಮನೆ ಬಿಟ್ಟು ಬಿ.ಟಿ.ಎಂ.ನಲ್ಲಿ ಪಿ.ಜಿ. ಸೇರಿದೆ. ಮತ್ತೆ ಕುಣಿಯಲಿಲ್ಲ.

ಮೊಬೈಲಿನಲ್ಲಿ ಹೆಣ್ಣಿನ ಮೈಯನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡುವವರನ್ನು ಕಂಡರೆ ಈಗ ಮೈ ಉರಿಯುತ್ತದೆ. ಅವರ ಕೈಗೆ ಅದನ್ನು ಕೊಟ್ಟವಳು ನಾನು ಎಂಬುದು ಇನ್ನೂ ಹೆಚ್ಚು ಉರಿಸುತ್ತದೆ. ಅವರನ್ನು ಬೈದು ನಾನು ಪಾರಾಗುವ ಹಾಗಿಲ್ಲ.

ನಿನ್ನೆ ನಿಮ್ಮ ಮನೆಗೆ ಹೋಗಿ ನಿಮ್ಮಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ನನ್ನನ್ನೇ ಕೇಳಿದರು:

“ಇಷ್ಟ್ ವರ್ಷ ಅವಳ ಹತ್ರ ಮಾತಾಡಿಲ್ಲಮ್ಮ. ಈಗ ಏನಂತ ಶುರು ಮಾಡ್ಲಿ?”

ಅವರ ಆ ಪ್ರಶ್ನೆಯನ್ನೇ ಬರೆದು ನಿನಗೆ ಕಳಿಸುತ್ತಿದ್ದೇನೆ, ಗಿರಿಜಾ.