ಮನೆಗೆಲಸ ಎಂದು ಬರೆದದ್ದು

ಹೋದ ವಾರ ಬನಹಟ್ಟಿಯ ಓಣಿಯೊಂದನ್ನು ಹಾಯುವಾಗ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಬಂತು. ಅಲ್ಲಿ ಈಗ ಪವರ್‌ಲೂಮ್‌ಗಳದ್ದೇ ಸದ್ದು. ಯಾವುದೋ ಒಂದು ಮನೆಯಲ್ಲಿ ಕೈಮಗ್ಗ ಉಳಿದಿರಬೇಕು... ಮೇಡಮ್ಮಾರು ನೆನಪಾದರು.

ಅವರು ಧಾರವಾಡದಿಂದ ಬರುತ್ತಿದ್ದ ಅರ್ಥಶಾಸ್ತ್ರದ ಪ್ರಾಧ್ಯಾಪಕಿ. ನೂಲಿನ ದರ ಏರಿ ಕೈಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ. ಒಂದು ಮಗ್ಗ ನಿಂತರೆ ಎಷ್ಟು ಜನರ ಕೆಲಸ ಹೋಗುತ್ತದೆ ಎಂಬುದು ಅವರ ಸಂಶೋಧನೆ. ಕೆಲಸ ಕಳೆದುಕೊಂಡವರಿಗೆ ನೆರವು ಕೊಡುವಾಗ ಆ ವರದಿಯನ್ನು ನೋಡುವುದಾಗಿ ಅಧಿಕಾರಿಗಳು ಒಪ್ಪಿದ್ದರು. ಜಮಖಂಡಿಯಲ್ಲಿ ವರದಿಗಾರನಾಗಿದ್ದ ನನಗೆ ಬನಹಟ್ಟಿಯ ಎರಡು ಓಣಿಗಳಲ್ಲಿ ಮನೆ ಮನೆಗೆ ಹೋಗಿ ಫಾರ್ಮು ತುಂಬುವ ಕೆಲಸ ವಹಿಸಿದರು. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಬೇಕು, ಏನು ಕೆಲಸ ಎನ್ನದೆ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳಬೇಕು ಎಂದು ಎರಡು ಸಲ ಹೇಳಿದ್ದರು.

ನಾನು ಹಾಗೆ ಕೇಳಲಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಯ ಸುದ್ದಿಗೆ ಓಡುವ ಅವಸರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ನೇಕಾರ, "ನಮ್ಮಾಕಿ ಏನ್ ಮಾಡ್ತಾಳ್ರಿ, ಮನ್ಯಾಗ ಇರ್ತಾಳ" ಎಂದ. ಅವನ ಬೆನ್ನ ಹಿಂದೆಯೇ ಆಕೆ ರಾಟಿ ತಿರುಗಿಸುತ್ತ, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನೋಡಿದೆ. ನೋಡಿಯೂ ಆಕೆಯ ಹೆಸರಿನ ಮುಂದೆ ಮನೆಗೆಲಸ ಎಂದು ಬರೆದೆ. ಉಳಿದ ಮನೆಗಳಲ್ಲೂ ಗಂಡಸರು ಹೇಳಿದ್ದನ್ನೇ ಬರೆದುಕೊಂಡು ಬಂದೆ.

ಮೇಡಮ್ಮಾರು ಕರಡು ವರದಿಯನ್ನು ಮೊದಲು ಊರವರಿಗೇ ಓದಿ ಹೇಳುತ್ತಿದ್ದರು. ಆ ಎರಡು ಓಣಿಗಳಲ್ಲಿ ದುಡಿಯುವ ಹೆಂಗಸರೇ ಇಲ್ಲವೆಂಬ ಸಾಲು ಬಂದಾಗ ಸಭೆಯ ಹಿಂದಿನಿಂದ ಅದೇ ಹೆಂಗಸು ಎದ್ದು ನಿಂತಳು.

"ನಾ ಕಂಡಿಕಿ ಸುತ್ತೂದ್ ಬಿಟ್ರ ಇವ್ರ ಲಾಳಿ ಗಾಳಿ ನೇಯ್ತೈತೇನ್ರಿ, ಮೇಡಮ್ಮಾರ?"

ಹೆಂಗಸರೆಲ್ಲ ನಕ್ಕರು. ಮೇಡಮ್ಮಾರು ಫಾರ್ಮಿನ ಮೇಲಿನ ನನ್ನ ಅಕ್ಷರ ನೋಡಿದರು. ನನ್ನ ಕಡೆ ನೋಡಲಿಲ್ಲ.

"ಖರೆ ಐತ್ರಿ. ತಪ್ಪು ನಂದು. ನಾಳಿಂದ ಮನಿ ಮನಿಗೆ ನಾನ ಬರ್ತೀನಿ" ಎಂದರು.

ಬಂದರು. ಮಂಡಿನೋವಿನಲ್ಲೇ ಕಟ್ಟೆ ಹತ್ತಿ ಇಳಿದು ಎರಡೂ ಓಣಿಗಳನ್ನು ಮತ್ತೆ ಕೇಳಿದರು. ಸಮೀರವಾಡಿಯಲ್ಲಿ ಕಬ್ಬಿನ ಸುದ್ದಿ ಇದೆ, ಬರಲಾಗದು ಎಂದು ನಾನು ಫೋನ್ ಮಾಡಿದೆ. ಅಂಥ ಸುದ್ದಿ ಯಾವುದೂ ಇರಲಿಲ್ಲ. ಸಭೆಯ ಸುದ್ದಿಯನ್ನೂ ನಾನೇ ಬರೆದೆ, ಆ ಹೆಂಗಸಿನ ಮಾತೊಂದನ್ನು ಬಿಟ್ಟು.

ವರದಿ ಸರಿಹೋಗುವಷ್ಟರಲ್ಲಿ ನೆರವಿನ ಪಟ್ಟಿ ಮುಗಿದಿತ್ತು. ಆ ಎರಡು ಓಣಿಗಳ ಹೆಂಗಸರು ಅದರಲ್ಲಿ ಇರಲಿಲ್ಲ. ಅಚ್ಚಾದ ವರದಿಯ ಕೃತಜ್ಞತೆಯ ಪುಟದಲ್ಲಿ ಮಾತ್ರ ನನ್ನ ಹೆಸರು ಇತ್ತು.

ಆಮೇಲೆ ಸಿಕ್ಕಾಗಲೆಲ್ಲ ಅವರು ಆರಾಮ ಇದ್ದೀಯಾ ಎಂದಷ್ಟೇ ವಿಚಾರಿಸುತ್ತಿದ್ದರು. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ... ಎರಡು ವರ್ಷದ ಹಿಂದೆ ತೀರಿಕೊಂಡರು. ಸುದ್ದಿಯಲ್ಲಿ ಒಂದು ಹೆಸರು ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುವವನು ನಾನು. ಇದಕ್ಕೆ ಹಾಕಿಸಲಿಲ್ಲ. ಈಗ ಒಪ್ಪಿಕೊಂಡರೆ ಕೇಳಲು ಅವರಿಲ್ಲ.

ಹೋದ ವಾರ ಗಂಜಿಯ ವಾಸನೆ ಹಿಡಿದು ಆ ಮನೆಯ ಬಾಗಿಲ ತನಕ ಹೋದೆ. ಒಳಗೆ ರಾಟಿ ತಿರುಗುತ್ತಿತ್ತು. ತಿರುಗಿಸುತ್ತಿರುವವರು ಯಾರೆಂದು ಕೇಳುವ ಧೈರ್ಯವಾಗದೆ ಹಿಂದಿರುಗಿದೆ.