ಎರಡು ವರ್ಷದ ಹೆಬ್ಬಾವಿನ ಮರಿ

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂಬುದನ್ನು ನಾವು ವ್ಯಾಪಾರಿಗಳು ಕಿವಿಯ ಹತ್ತಿರ ಅಲ್ಲಾಡಿಸಿಯೇ ಹೇಳುತ್ತೇವೆ. ಹೋದ ವರ್ಷ ನುಗ್ಗೇಹಳ್ಳಿ ಹತ್ತಿರದ ನಂಜೇಗೌಡರ ಮನೆಯಲ್ಲಿ ಹಾಗೆ ಒಂದು ಕಾಯಿ ಅಲ್ಲಾಡಿಸುತ್ತಿದ್ದಾಗ, ಪಕ್ಕದ ಸಿಪ್ಪೆ ರಾಶಿಯಿಂದ ಕುಕ್ಕರ್ ಆವಿ ಬಿಟ್ಟಂತೆ ಬುಸ್ಸೆಂಬ ಸದ್ದು ಬಂತು.

“ಎದರ್ಕಬೇಡಿ ಸಾ, ಎಬ್ಬಾವಿನ ಮರಿ. ಎರಡು ವರ್ಸದಿಂದ ಇಲಿ ತಿನ್ಕಂಡು ಇಲ್ಲೇ ಅದೆ. ತಡೀರಿ, ಎತ್ತಿ ಆಚೆಗೆ ಬುಟ್ಬುಡ್ತೀನಿ,” ಎಂದು ಗೌಡರು ಬರಿಗೈ ಚಾಚಿದರು.

ಬಗ್ಗಿ ನೋಡಿದೆ. ಬೆನ್ನ ಮೇಲೆ ಸರಪಳಿ ಕೊಂಡಿಗಳಂತೆ ಸಾಲು ಮಚ್ಚೆಗಳು.

“ಕೈ ತೆಗೀರಿ ಗೌಡ್ರೇ, ಅದು ಕೊಳಕುಮಂಡಲ!”

“ಸುಮ್ಕಿರಿ ಸಾ. ಕೊಬ್ರಿ ಯಾಪಾರದೋರಿಗೆ ಆವಿನ ಇಸ್ಯ ಏನ್ ಗೊತ್ತು?”

“ಹೆಬ್ಬಾವಾಗಿದ್ರೆ ಎರಡು ವರ್ಷಕ್ಕೆ ನಿಮ್ಮುದ್ದ ಆಗಿರೋದು. ಇದು ಇನ್ನೂ ಎರಡು ಮೊಳ ಇದೆಯಲ್ಲ, ಮರಿ ಬೆಳೆಯೋದು ಬೇಡ್ವಾ?”

ಗೌಡರ ಕೈ ಅಲ್ಲೇ ನಿಂತಿತು.

ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಹಾವು ಹಿಡಿಯುವವರು ಬಂದರು. ಕೊಳಕುಮಂಡಲವೇ ಎಂದು ಹೇಳಿ ಚೀಲಕ್ಕೆ ತುಂಬಿಕೊಂಡರು.

“ಇನ್ನು ಇಲಿ ಕಾಟಕ್ಕೆ ಏನ್ ಮಾಡಾನ ಸಾ?” ಗೌಡರಿಗೆ ಅದೇ ಚಿಂತೆ.

ನಾನು ಆ ಕೊಬ್ಬರಿಯನ್ನೆಲ್ಲ ಕೊಂಡೆ. ಒಂದಕ್ಕೂ ಇಲಿ ಹಲ್ಲು ತಾಗಿರಲಿಲ್ಲ. ಈ ವರ್ಷ ಅದೇ ಅಟ್ಟದಿಂದ ಇಳಿಸಿದ ಮಾಲಿಗೆ ಆ ಮಾತು ಹೇಳಲಾರೆ.